ಮೂತಿ ಲಾರಿಯ ಹಲಗೆಗಳು

ಹಿಂಬಾಗಿಲ ಸರಪಳಿ ಕಳಚಿ ಬಿದ್ದ ಸದ್ದು ಕೇಳಿ, ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದ ದ್ಯಾಮಮ್ಮನ ಬೆರಳು ಅಲ್ಲೇ ನಿಂತಿತು. ಅಂಗಳದ ಮೂತಿ ಲಾರಿಯ ಹಿಂದಿನ ಹಲಗೆಯನ್ನು ಯಾರೋ ಇಳಿಬಿಟ್ಟಿದ್ದರು. ಬೆನಕಪ್ಪ ಆ ಸರಪಳಿಯನ್ನು ಎಂದೂ ಹಾಗೆ ಬೀಳಲು ಬಿಟ್ಟವನಲ್ಲ. ಕೊಂಡಿಯಿಂದ ಬಿಡಿಸಿ, ಅಂಗೈಯಲ್ಲಿ ಹಿಡಿದು, ನಿದ್ದೆಹೋದ ಮಗುವಿನ ಕೈ ಇಳಿಸಿದ ಹಾಗೆ ಇಳಿಸುತ್ತಿದ್ದ. ಈಗ ಅವನು ಗೋಡೆಗೆ ಒರಗಿ, ಕಾಲು ಮಡಚಿ ಕೂತಿದ್ದ. ನಸುಕಿನಲ್ಲಿ ಉಸಿರು ನಿಂತವನನ್ನು ಮೈ ಬಿಗಿಯುವ ಮೊದಲೇ ಎತ್ತಿ ಕೂರಿಸಿ, ಎದೆಗೆ ಪಂಚೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ್ದರು. ಅವರ ಪೈಕಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಸುಡುವುದೂ ಇಲ್ಲ. ಬಿದಿರಿನ ವಿಮಾನ ಕಟ್ಟಿ, ಕೂತಂತೆಯೇ ಹೊತ್ತು, ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ.

"ಲಾರಿ ಮೇಲೆ ಹತ್ತಿದೋರು ಯಾರು?" ಎಂದು ದ್ಯಾಮಮ್ಮ ಕೇಳಿದಳು.

ಮಗಳು ಗಂಗಾಶ್ರೀ ಬಾಗಿಲಿಂದ ಇಣುಕಿದಳು. ಶಿಕಾರಿಪುರಕ್ಕೆ ಕೊಟ್ಟ ಒಬ್ಬಳೇ ಮಗಳು. ಸುದ್ದಿ ತಿಳಿದು ಮೊದಲನೆ ಬಸ್ಸಿಗೆ ಬಂದವಳು.

"ಸಿದ್ಧಲಿಂಗೇಶಣ್ಣನ ಕಡೆ ಹುಡುಗ್ರು ಅವ್ವ. ಹೂವಿನ ಹಾರ ಕಟ್ತಿದಾರೆ. ಅಪ್ಪನ್ನ ಅದರ ಮೇಲೇ ಒಯ್ಯೂದಂತೆ. ಶಿರಾಳಕೊಪ್ಪದ ಪೇಟೆ ಒಂದು ಸುತ್ತು ಹಾಕಿಸಿ, ಆಮೇಲೆ ಹೊಲಕ್ಕೆ ಅಂತ ದೊಡ್ಡಪ್ಪ ಹೇಳ್ತಿದಾರೆ."

"ಬ್ಯಾಡ. ಹೆಗಲ ಮೇಲೆ ಹೋಗ್ಲಿ ಅಂತ ಹೇಳು."

"ಯಾಕವ್ವ? ಅಷ್ಟು ವರ್ಷ ಅದರ ಅಡಿಗೇ ಬಿದ್ಕಂಡಿತ್ತಲ್ಲ ಅಪ್ಪ. ಒಂದಿನ ಅದರಾಗೆ ಕೂತು ಪ್ಯಾಟಿಗೆ ಹೋಗ್ಲಿಲ್ಲ. ಈಗಾದ್ರೂ ಹೋಗ್ಲಿ ಬಿಡು."

ದ್ಯಾಮಮ್ಮ ಮತ್ತೆ ವಿಭೂತಿಗೆ ಬೆರಳು ಅದ್ದಿದಳು. ಬೇಡ ಎನ್ನುವುದು ಸುಲಭವಿತ್ತು. ಬೇಡ ಏಕೆ ಎನ್ನುವುದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಅಷ್ಟರಲ್ಲಿ ಪರಮಶಿವಪ್ಪ ಹೊಸ್ತಿಲಿಗೆ ಬಂದ. ಬೆನಕಪ್ಪನ ದೊಡ್ಡಪ್ಪನ ಮಗ, ಗಂಗಾಶ್ರೀಗೆ ದೊಡ್ಡಪ್ಪ. ಶಿರಾಳಕೊಪ್ಪದಲ್ಲಿ ಗೊಬ್ಬರ ಮತ್ತು ಬಿತ್ತನೆ ಬೀಜದ ದೊಡ್ಡ ಅಂಗಡಿ, ಎರಡು ಗೋದಾಮು, ಊರ ಮಠದ ಕಮಿಟಿಯ ಅಧ್ಯಕ್ಷಗಿರಿ. ಒಳಗೆ ಬರದೆ, ನೋವಿನ ಮುಲಾಮು ಹಚ್ಚಿದ ಕರ್ಚೀಫನ್ನು ಮೂಗಿಗೆ ಒತ್ತಿ ಹಿಡಿದು ಅಲ್ಲಿಂದಲೇ ಹೆಣವನ್ನು ನೋಡಿದ. ಬಿಸಿಲು ಏರುವುದರೊಳಗೆ ಎತ್ತಬೇಕೆಂದ. ವಾಸನೆ ಶುರುವಾದರೆ ಪೇಟೆಯಲ್ಲಿ ನಿಲ್ಲಿಸಲಿಕ್ಕಾಗುವುದಿಲ್ಲ, ನಾಲ್ಕು ಜನ ದೊಡ್ಡವರು ಹಾರ ಹಾಕಲಿಕ್ಕೆ ಕಾಯುತ್ತಿದ್ದಾರೆ ಎಂದ. ಅವನ ಹಿಂದೆಯೇ ನುಗ್ಗಿದ ಮಗ ಸಿದ್ಧಲಿಂಗೇಶ್ ಸೆಂಟಿನ ಡಬ್ಬಿಯನ್ನು ಅಲ್ಲಾಡಿಸಿ, ಸತ್ತವನ ಕುತ್ತಿಗೆಗೂ ಬಗಲಿಗೂ ಬುಸ್ಸೆಂದು ಹೊಡೆದ. ಆಮೇಲೆ ಗದ್ದಕ್ಕೆ ಬೆರಳು ಕೊಟ್ಟು, ಗಾಡಿಯ ಕನ್ನಡಿ ತಿರುಗಿಸುವವರ ಹಾಗೆ ಮುಖವನ್ನು ಬೆಳಕಿನ ಕಡೆ ತಿರುಗಿಸಿ ಫೋಟೊ ತೆಗೆದುಕೊಂಡ.

ದ್ಯಾಮಮ್ಮ ಮುಖ ತಿರುಗಿಸಿದಳು. ಹೆಣದಿಂದ ಅಲ್ಲ. ಆ ಮಲ್ಲಿಗೆ ಸೆಂಟಿನಿಂದ, ಆ ಬೆರಳಿನಿಂದ.

ಕಿಟಕಿಯಾಚೆ ಇಬ್ಬರು ಲಾರಿಯ ಮೂತಿಗೆ ಫ್ಲೆಕ್ಸ್ ಬಿಗಿಯುತ್ತಿದ್ದರು. ನಡುವೆ ಲಾರಿಯ ಚಿತ್ರ, ಅದರ ಮೇಲೆ ರುಮಾಲು ಸುತ್ತಿ ಕೈಮುಗಿದ ಪರಮಶಿವಪ್ಪ, ಮೂಲೆಯಲ್ಲಿ ಅಂಚೆ ಚೀಟಿಯಷ್ಟು ಬೆನಕಪ್ಪ. ಪರಮಶಿವಪ್ಪನವರ ಮನೆತನದ ಹೆಮ್ಮೆಯ ಲಾರಿಯಲ್ಲಿ ತಮ್ಮ ಬೆನಕಪ್ಪನ ಅಂತಿಮ ಯಾತ್ರೆ ಎಂದು ಕೆಳಗೆ ಬರೆಸಿದ್ದರು. ಅದನ್ನು ಗಂಗಾಶ್ರೀ ಓದಿ ಹೇಳಿದಾಗ ದ್ಯಾಮಮ್ಮ ವಿಭೂತಿಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

*

ಮಗಳನ್ನು ಗಂಡನ ಮನೆಗೆ ಕಳಿಸಿದ ವರ್ಷ, ಮನೆ ಬರಿದಾಯಿತೆಂದು ಅವಳು ಅಂದುಕೊಳ್ಳುತ್ತಿರುವಾಗಲೇ, ಬೆನಕಪ್ಪ ಟ್ರ್ಯಾಕ್ಟರಿಗೆ ಹಗ್ಗ ಬಿಗಿದು ಆ ಲಾರಿಯನ್ನು ಎಳೆದು ತಂದಿದ್ದ. ಪರಮಶಿವಪ್ಪನ ಹಳೆಯ ಗೋದಾಮಿನ ಹಿಂದೆ ಅದು ಎಷ್ಟೋ ಮಳೆಗಾಲ ನೆನೆದಿತ್ತು. ಉದ್ದಕ್ಕೆ ಚಾಚಿದ ಮೂತಿ, ಅದರ ಎರಡೂ ಬದಿಗೆ ಕಣ್ಣು ಕಿತ್ತಂಥ ದೀಪದ ತೂತು. ಇಂಜಿನ್ನಿನ ಸಂದಿಯಲ್ಲಿ ಅತ್ತಿಯ ಸಸಿ ಬೇರು ಬಿಟ್ಟಿತ್ತು, ಸೀಟಿನೊಳಗೆ ಹೆಗ್ಗಣ ಮರಿ ಹಾಕಿತ್ತು. ಹರೆಯದಲ್ಲಿ ಬೆನಕಪ್ಪ ಅದೇ ಲಾರಿಯ ಡ್ರೈವರ್ ಆಗಿದ್ದವನು. ಗುಜರಿಯವನೂ ಮುಟ್ಟದ್ದನ್ನು ದುಡ್ಡು ಕೊಟ್ಟು ಮನೆಗೆ ತಂದಿರಲ್ಲ ಎಂದು ಅವಳು ಹಣೆ ಬಡಿದುಕೊಂಡಳು.

ಅವನು ಮೊದಲು ಕೈಹಾಕಿದ್ದು ಇಂಜಿನ್ನಿಗಲ್ಲ, ಹಿಂದಿನ ತೊಟ್ಟಿಯ ಹಲಗೆಗಳಿಗೆ. ಹಳೆ ಲಾರಿ ಸರಿಮಾಡುವವರು ಯಾರೂ ಹಾಗೆ ಶುರುಮಾಡುವುದಿಲ್ಲ. ಇಂಜಿನ್ನು, ಗೇರು, ಚಾಸಿ ಎಲ್ಲ ಆದಮೇಲೆ ಕಡೆಗೆ ಮರದ ಕೆಲಸ. ಪಕ್ಕದ ಹೊಲದ ಹುಚ್ಚರಾಯಪ್ಪ ಬೇಲಿಯಾಚೆ ನಿಂತು, "ಹೆಣ್ಣೇ ಗೊತ್ತಾಗಿಲ್ಲ, ಚಪ್ಪರ ಹಾಕ್ತಾ ಕುಂತಿದೀಯಲ್ಲೋ" ಎಂದು ನಕ್ಕಿದ್ದ. ಬೆನಕಪ್ಪ ನಗಲಿಲ್ಲ. ಒಂದೊಂದೇ ಬೋಲ್ಟು ಬಿಚ್ಚಿ ಹಲಗೆಗಳನ್ನು ಅಂಗಳದಲ್ಲಿ ಬಿಸಿಲಿಗೆ ಹರಡಿದ.

ಮಧ್ಯಾಹ್ನ ಆ ಮರ ಬೆವರಿತು. ಎದ್ದು ಬಂದ ವಾಸನೆಗೆ ದ್ಯಾಮಮ್ಮ ಒಲೆಯ ಮುಂದಿನಿಂದ ಎದ್ದು ಬಚ್ಚಲಿಗೆ ಓಡಿದಳು. ಓಡುವಾಗಲೇ ನೆನಪಾಯಿತು, ಇದು ಅವಳಿಗೆ ಹೊಸ ವಾಸನೆಯಲ್ಲ. ಮದುವೆಯಾದ ಹೊಸತರಲ್ಲಿ ಅವನ ಅಂಗಿಯಲ್ಲಿ, ಕೂದಲಲ್ಲಿ, ಅವನು ಒರಗಿದ ದಿಂಬಿನಲ್ಲಿ ಇದ್ದದ್ದು ಇದೇ. ಗೊಬ್ಬರದ ಲೋಡು ಎಂದು ಹೇಳುತ್ತಿದ್ದ. ಸೀಗೆಪುಡಿ ಹಚ್ಚಿ ಚರ್ಮ ಕೆಂಪಾಗುವಂತೆ ಉಜ್ಜಿಕೊಂಡರೂ ಹೋಗುತ್ತಿರಲಿಲ್ಲ. ಅವಳು ವಾಂತಿ ಮಾಡಿಕೊಂಡರೆ ಅತ್ತೆ ಬಸಿರೆಂದು ತಿಳಿದು ಸಕ್ಕರೆ ಹಂಚಿದ್ದಳು.

"ಇದು ಗೊಬ್ಬರ ಅಲ್ಲ," ಎಂದಳು.

"ಅಲ್ಲ," ಎಂದ. "ಎಲುಬು."

ಆ ಸಂಜೆ ಅವನು ಹೇಳಿದ್ದಿಷ್ಟು. ಲಾರಿ ಪರಮಶಿವಪ್ಪನದು. ಮೇಲೆ ಭತ್ತದ ಹೊಟ್ಟಿನ ಚೀಲ, ಅದರ ಕೆಳಗೆ ಎಲುಬು. ಊರು ಊರಿನ ಹೊರಗೆ ರಾಶಿ ಮಾಡಿಟ್ಟದ್ದನ್ನು ಹೇರಿಕೊಂಡು, ತಾಡಪಾಲು ಬಿಗಿದು, ಬಯಲುಸೀಮೆಯ ಆಚೆ ಒಂದು ಮಿಲ್ಲಿಗೆ ಮುಟ್ಟಿಸಬೇಕು. ಅಲ್ಲಿ ಅದನ್ನು ಪುಡಿಮಾಡಿ ಅಂಟು ಕಾಯಿಸುತ್ತಿದ್ದರು. ಎಲುಬು ಬೇರೆ ಯಾರದೂ ಅಲ್ಲ, ಇವರೆಲ್ಲರ ಕೊಟ್ಟಿಗೆಯದೇ. ದೀಪಾವಳಿಯಲ್ಲಿ ಕೊಂಬಿಗೆ ಬಣ್ಣ ಹಚ್ಚಿ ಹಾರ ಹಾಕಿದ ದನಗಳದೇ. ಸತ್ತಮೇಲೆ ಅವನ್ನು ಊರಾಚೆ ಎಳೆಸಿ ಕೈತೊಳೆದುಕೊಂಡವರು, ಎಲುಬು ಆರಿಸಿದವರನ್ನೂ ಹೇರಿದವರನ್ನೂ ನೋಡಿ ಮೂಗು ಮುಚ್ಚುತ್ತಿದ್ದರು. ಪರಮಶಿವಪ್ಪನಂತೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿಕೊಂಡೇ ಡ್ರೈವರನ ಹತ್ತಿರ ಮಾತಾಡುತ್ತಿದ್ದ.

ಬೆನಕಪ್ಪ ಆ ಹಲಗೆಗಳಲ್ಲಿ ಒಂದನ್ನೂ ಬಚ್ಚಲೊಲೆಗೆ ಕೊಡಲಿಲ್ಲ. ಎಲ್ಲವನ್ನೂ ಹೊಲದ ಅಂಚಿಗೆ ಹೊತ್ತೊಯ್ದು ಸುಟ್ಟು, ಬೂದಿಯ ಮೇಲೆ ಮಣ್ಣು ಎಳೆದ. ಮತ್ತಿ ಮರದ ಹೊಸ ಹಲಗೆ ಕೊಯ್ಯಿಸಿ ತಂದು, ಕೈಯಿಂದಲೇ ಹತ್ತರಿ ಹೊಡೆದು ನಯ ಮಾಡಿ, ಸಂದಿಗೆ ಸಂದಿ ಕೂರಿಸಿದ. ಹಾಸಿ ಮುಗಿದ ದಿನ ಅದರ ಮೇಲೆ ಬರಿಗಾಲಲ್ಲಿ ಒಮ್ಮೆ ನಡೆದು ಕೆಳಗೆ ಇಳಿದ.

"ಇನ್ನು ಇದರ ಮೇಲೆ ಎಲುಬು ಹತ್ತಬಾರ್ದು," ಎಂದ. "ನಂದೂ ಅಷ್ಟೆ."

"ಬಿಡ್ತು ಅನ್ರಿ."

"ಬಿಡ್ತು ಅನ್ನೂ ಮಾತಲ್ಲ ದ್ಯಾಮಿ. ನಾ ಹೋದಾಗ ಹೆಗಲ ಮ್ಯಾಲೆ ಕಳ್ಸು. ಮತ್ತೆ ಈ ಸುದ್ದಿ ಈ ಅಂಗಳ ದಾಟಬಾರ್ದು. ತೊಳೆದಿದ್ದನ್ನ ಹೇಳಿ ಹೇಳಿ ಮತ್ತೆ ಹೊಲಸು ಮಾಡಬಾರ್ದು."

*

ಹೆಗಲ ಮೇಲೆ ಒಯ್ಯಬೇಕೆಂದು ಹೇಳಲು ಹೋದ ಗಂಗಾಶ್ರೀ ಮುಖ ಸಣ್ಣದು ಮಾಡಿಕೊಂಡು ಒಳಗೆ ಬಂದಳು. ಗಂಡಸರು ಒಬ್ಬೊಬ್ಬರೂ ಒಂದೊಂದು ಕಾರಣ ಕೊಟ್ಟಿದ್ದರು. ಕೆರೆ ಏರಿಯನ್ನು ಪೈಪಿಗಾಗಿ ಅಗೆದಿದ್ದಾರೆ, ವಿಮಾನ ಹೊತ್ತು ದಾಟಲಿಕ್ಕಾಗುವುದಿಲ್ಲ. ಒಬ್ಬನಿಗೆ ಬೆನ್ನುನೋವು, ಇನ್ನೊಬ್ಬನಿಗೆ ಶುಗರು. ಅಷ್ಟು ಚಂದದ ಲಾರಿ ಅಂಗಳದಲ್ಲಿ ನಿಂತಿರುವಾಗ ಹೆಗಲು ಯಾಕೆ ಎಂದು ಸಿದ್ಧಲಿಂಗೇಶ್ ಎಲ್ಲರ ಪರವಾಗಿ ಮುಗಿಸಿದ್ದ.

ದ್ಯಾಮಮ್ಮ ಅಯ್ಯನವರನ್ನು ಕರೆಸಿದಳು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಹಣ್ಣಿನ ತಟ್ಟೆ ಹಿಡಿದೇ ಒಳಗೆ ಬಂದರು.

"ಹೆಗಲ ಮೇಲೆ ಹೋಗೂದೇ ನಮ್ಮ ಪದ್ಧತಿ ಅಲ್ಲೇನ್ರೀ ಅಯ್ಯನೋರೆ?"

"ಪದ್ಧತಿ ಅಂದ್ರೆ ಹಂಗೇ ತಾಯಿ." ಅವರು ಬಾಗಿಲ ಕಡೆ ನೋಡಿದರು. ಅಲ್ಲಿ ಪರಮಶಿವಪ್ಪನ ಬೆನ್ನು ಕಾಣುತ್ತಿತ್ತು. "ಆದ್ರೆ ಕಾಲ ಹೆಂಗೈತೋ ಹಂಗೆ ಹೋಗ್ಬೇಕಲ್ರಿ. ಶಿವಮೊಗ್ಗದಾಗೆಲ್ಲ ಈಗ ಗಾಡಿ ಮೇಲೇ ಒಯ್ಯೂದು. ಶಿವನಿಗೆ ಏನು ಭೇದ ಐತೆ."

ಅವರು ಹೋದಮೇಲೆ ಹಿತ್ತಲ ಬಾಗಿಲಿಗೆ ಹುಚ್ಚರಾಯಪ್ಪ ಬಂದ. ಬೆಳಗಿನಿಂದ ಹೊಲದಲ್ಲಿ ಗುಂಡಿ ತೋಡಿಸಿ ಬಂದಿದ್ದ ಅವನ ಮೊಣಕಾಲವರೆಗೆ ಕೆಂಪು ಮಣ್ಣು. ದ್ಯಾಮಮ್ಮ ಅವನಿಗೂ ಅದನ್ನೇ ಹೇಳಿದಳು.

"ನಾ ಒಂದು ಹೆಗಲು ಕೊಡ್ತೀನಿ ದ್ಯಾಮಕ್ಕ. ನಮ್ಮ ಗುಂಡಿ ತೋಡಿದೋರೂ ಬರ್ತಾರೆ. ಆದ್ರೆ ಪರಮಶಿವಪ್ಪೋರ ಮಾತು ಮೀರಿ ಮುಟ್ಟೂಕೆ ನಮ್ಮಂಥೋರಿಗೆ ಬಿಡ್ತಾರಾ? ಅಂಗಳದಾಗೆ ಇರೂವೆಲ್ಲ ಇಸ್ತ್ರಿ ಹಾಕಿದ ಹೆಗಲು. ಅವು ಬಗ್ಗಲ್ಲ."

ದ್ಯಾಮಮ್ಮ ಕಿಟಕಿಗೆ ಬಂದು ನಿಂತಳು. ಅಂಗಳದ ತುಂಬ ಜನ. ಭಜನೆಯವರ ಮೈಕಿನ ಎದುರಿಗೇ ಒಬ್ಬ ಜೋರಾಗಿ ಕ್ಯಾಕರಿಸಿ, ಲಾರಿಯ ಚಕ್ರಕ್ಕೆ ಕೆಂಪಗೆ ಉಗಿದ. ಹುಡುಗರು ಬೂಟು ಹಾಕಿಕೊಂಡೇ ಹಲಗೆಗಳ ಮೇಲೆ ಓಡಾಡುತ್ತಿದ್ದರು. ಚಹಾ ಕುಡಿದ ಕಾಗದದ ಲೋಟಗಳನ್ನು ಅಂಗಳಕ್ಕೆ ಎಸೆದು ತುಳಿದು ಚಪ್ಪಟೆ ಮಾಡಿದ್ದರು. ಇನ್ನೊಬ್ಬ ಲಾರಿಯ ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಬಾಚಣಿಗೆಗೆ ಸಿಕ್ಕ ಕೂದಲನ್ನು ಉರುಳಿಸಿ ಸೀಟಿನ ಮೇಲೆ ಬಿಟ್ಟ. ಸತ್ತ ಮನೆಯೆಂದು ಯಾರೂ ದನಿ ತಗ್ಗಿಸಿರಲಿಲ್ಲ. ಇವರ ನಡುವೆ ಪರಮಶಿವಪ್ಪ ಮಗನ ಫೋನಿಗೆ ಮುಖ ಮಾಡಿ, ಕರ್ಚೀಫು ಜೇಬಿಗೆ ಸೇರಿಸಿ, ಮಾತಾಡುತ್ತಿದ್ದ. ಈ ಲಾರಿ ಹಾಳಾಗಬಾರದೆಂದು ತಾನೇ ತಮ್ಮನಿಗೆ ಕೊಟ್ಟೆ, ತಾನೇ ಬೆನ್ನ ಹಿಂದೆ ನಿಂತು ಮಾಡಿಸಿದೆ ಎಂದು ಹೇಳಿದ. ಸುಳ್ಳು ಹೇಳುವಾಗಲೂ ಅವನ ದನಿ ಪುರಾಣ ಹೇಳುವವರ ದನಿಯ ಹಾಗೆ ತುಂಬಿಕೊಂಡೇ ಇರುತ್ತಿತ್ತು.

"ಇದು ಬರೇ ಲಾರಿ ಅಲ್ಲ," ಎಂದ. "ಮಠದ ದಾಸೋಹಕ್ಕೆ ಅಕ್ಕಿ ಹೊತ್ತ ಲಾರಿ. ಆಗಿನ ಕಾಲಕ್ಕೆ ಒಂದು ಲೋಡು ಅಕ್ಕಿ ನಮ್ಮನೇದೇ."

ದ್ಯಾಮಮ್ಮ ಕಿಟಕಿಯ ಬಾಗಿಲು ಎಳೆದುಕೊಂಡಳು.

*

ಆ ಅಕ್ಕಿಯ ಮಾತನ್ನು ಬೆನಕಪ್ಪ ಹೇಳಿದ್ದು ಬಹಳ ತಡವಾಗಿ. ಹಲಗೆ ಹಾಸಿ ಎಷ್ಟೋ ವರ್ಷಗಳ ಮೇಲೆ, ಇಂಜಿನ್ನು ಮೊದಲ ಸಲ ಉಸಿರಾಡಿದ ದಿನ. ಅದುವರೆಗೆ ಚಾಸಿಯ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಕೆರೆದು ಅವನ ಉಗುರುಗಳು ಸವೆದಿದ್ದವು. ಅವಳ ಉಪ್ಪಿನಕಾಯಿಯ ದೊಡ್ಡ ಭರಣಿಯಲ್ಲಿ ಸೀಮೆಎಣ್ಣೆ ತುಂಬಿ ಗೇರಿನ ಹಲ್ಲುಗಳನ್ನು ನೆನೆಹಾಕಿದ್ದ. ಹುಬ್ಬಳ್ಳಿ, ದಾವಣಗೆರೆಯ ಗುಜರಿ ಅಂಗಡಿಗಳನ್ನು ಸುತ್ತಿ ಒಂದೊಂದೇ ಸಾಮಾನು ಕೈಚೀಲದಲ್ಲಿ ತಂದಿದ್ದ. ಆ ದಿನ ಲಾರಿ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಆಮೇಲೆ ಒಂದೇ ಸಮನೆ ಗುನುಗತೊಡಗಿತು. ಸದ್ದಿಗೆ ಓಡಿಬಂದ ಹುಚ್ಚರಾಯಪ್ಪ ಒಂದು ಸುತ್ತು ಹೊಡಿ ಎಂದು ಕುಣಿದಾಡಿದರೂ ಬೆನಕಪ್ಪ ಇಂಜಿನ್ನು ಆರಿಸಿ ಕೆಳಗಿಳಿದು, ಚಕ್ರಕ್ಕೆ ಒರಗಿ ಕೂತುಬಿಟ್ಟ. ಹುಚ್ಚರಾಯಪ್ಪ ಹೋದಮೇಲೆ ದ್ಯಾಮಮ್ಮ ಹತ್ತಿರ ಬಂದಳು.

ಅವನು ಶ್ರಾವಣದ ಮಾತು ತೆಗೆದ. ಆ ವರ್ಷ ಮಠದಲ್ಲಿ ಪುರಾಣ ಓದಿ ಮುಗಿಸುವ ದಿನದ ಮಂಗಲ. ಊರಿಗೆ ಊರೇ ಊಟಕ್ಕೆ ಬರುವುದಿತ್ತು. ಎಲುಬು ಇಳಿಸಿ ಖಾಲಿ ಲಾರಿ ಹೊಡೆದುಕೊಂಡು ಬಂದರೆ ಪರಮಶಿವಪ್ಪ ಅಕ್ಕಿಯ ಗಿರಣಿಯ ಮುಂದೆ ಕಾಯುತ್ತಿದ್ದ. ಕೂಡಲೇ ಹೇರಬೇಕು, ಹೊತ್ತಾಗಿದೆ ಎಂದ. ತೊಳೆದು ತರುತ್ತೇನೆಂದು ಬೆನಕಪ್ಪ ಬೇಡಿಕೊಂಡ. ಗೋಣಿ ಹಾಸು, ಯಾರಿಗೆ ಗೊತ್ತಾಗುತ್ತದೆ ಎಂದು ಪರಮಶಿವಪ್ಪ ಹಮಾಲರನ್ನು ಕರೆದ. ಗೋಣಿ ಹಾಸಿದರು. ಹಲಗೆಯ ಸಂದಿಗಳಲ್ಲಿ ಇನ್ನೂ ಚೂರುಗಳಿದ್ದವು, ಜಿಡ್ಡಿತ್ತು. ಚೀಲ ಇಳಿಸುವಾಗ ಅಡಿ ಹಸಿಯಾಗಿತ್ತು.

ಮರುದಿನ ಮೈಕಿನಲ್ಲಿ ಪರಮಶಿವಪ್ಪನ ಹೆಸರು ಹೇಳಿ ಶಾಲು ಹೊದೆಸಿದರು. ಬೆನಕಪ್ಪ ಪಂಕ್ತಿಯಲ್ಲಿ ಕೂತಿದ್ದ. ಎಲೆಯ ಮೇಲೆ ಅನ್ನ ಬಿತ್ತು, ಹಬೆ ಮುಖಕ್ಕೆ ಹೊಡೆಯಿತು. ಅವನು ಎದ್ದ. ಅಂದೇ ಲಾರಿ ಬಿಟ್ಟ. ಅಂದಿನಿಂದ ಮಠದೊಳಗೆ ಕಾಲಿಡಲಿಲ್ಲ. ಶ್ರಾವಣ ಬಂದರೆ ಮಠದ ಗೋಡೆಯ ಆಚೆ, ರಸ್ತೆಯ ಮಗ್ಗುಲಲ್ಲಿ ನಿಂತು, ಮೈಕಿನಿಂದ ಕೇಳಿದಷ್ಟು ಪದ್ಯ ಕೇಳಿ ಬರುತ್ತಿದ್ದ. ಒಳಗೆ ಹೆಂಗಸರ ನಡುವೆ ಕೂತು ಕೇಳುತ್ತಿದ್ದ ದ್ಯಾಮಮ್ಮ, ಇದು ಯಾವ ಸೊಕ್ಕು ಈ ಮನುಷ್ಯನಿಗೆ ಎಂದುಕೊಂಡಿದ್ದಳು.

"ಆ ಮಂಗಲದ ದಿನ ನಾನೂ ಉಂಡಿದ್ನಲ್ಲ," ಎಂದಳು. "ಗಂಗಾಶ್ರೀ ಹೊಟ್ಟೆಯಾಗಿದ್ಲು. ಎರಡನೇ ಸಲ ಹಾಕಿಸ್ಕಂಡಿದ್ದೆ."

"ನೋಡ್ತಾ ಇದ್ದೆ," ಎಂದ ಬೆನಕಪ್ಪ.

ಆ ವಾರ ಅವಳು ಅವನಿಗೆ ಬಡಿಸಲಿಲ್ಲ. ಪಾತ್ರೆ ಇಟ್ಟು ಒಳಗೆ ಹೋಗುತ್ತಿದ್ದಳು. ಅವನ ನೆರಳು ಬಿದ್ದರೂ ಬಾಯಲ್ಲಿ ಆ ಅನ್ನ ಬಂದಂತಾಗುತ್ತಿತ್ತು. ಸೋಮವಾರ ಅವನು ಎಂದಿನಂತೆ ಲಾರಿಯ ತೊಟ್ಟಿ ಗುಡಿಸಿ, ಅಗಸೆ ಎಣ್ಣೆಯ ಬಟ್ಟೆ ಹಿಡಿದು ಮೊಣಕಾಲೂರಿ ಹಲಗೆಗೆ ಎಣ್ಣೆ ಉಣಿಸುತ್ತಿದ್ದ. ಅವಳು ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಹಳೆ ಸೀರೆಯ ತುಂಡೊಂದನ್ನು ಹರಿದುಕೊಂಡು, ಇನ್ನೊಂದು ತುದಿಯಿಂದ ಉಜ್ಜಲು ಕೂತಳು.

*

ವಿಮಾನ ಎತ್ತಿದರು. ಬಿದಿರಿನ ಗೂಡಿನಲ್ಲಿ, ಚೆಂಡುಹೂವಿನ ನಡುವೆ, ಬೆನಕಪ್ಪ ಕತ್ತು ಸ್ವಲ್ಪ ಓರೆ ಮಾಡಿ ಕೂತಿದ್ದ. ಅಂಗಳಕ್ಕೆ ತಂದು, ಲಾರಿಯ ಇಳಿಬಿಟ್ಟ ಹಲಗೆಗೆ ವಿಮಾನದ ಕೋಲುಗಳನ್ನು ತಾಗಿಸಿ, ಮೇಲಿನ ಹುಡುಗರು ಎಳೆದುಕೊಳ್ಳಲಿ ಎಂದು ಹೊತ್ತವರು ನಿಂತರು. ಅಯ್ಯನವರ ಹಣ್ಣಿನ ತಟ್ಟೆಯನ್ನು ಆಗಲೇ ಹಲಗೆಯ ಮೇಲೆ ಇಟ್ಟಾಗಿತ್ತು.

ದ್ಯಾಮಮ್ಮ ಹೊಸ್ತಿಲು ದಾಟಿದಳು. ಈ ಮನೆಗೆ ಬಂದಾಗಿನಿಂದ ಪರಮಶಿವಪ್ಪನ ಎದುರಿಗೆ ನಿಂತು ಅವಳು ಮಾತಾಡಿರಲಿಲ್ಲ. ಗಂಡನ ಅಣ್ಣನ ಸಾಲಿನವನು ಎಂದು ಬಾಗಿಲ ಮರೆಯಿಂದಲೇ ಉತ್ತರ ಕೊಟ್ಟವಳು. ಈಗ ಬಂದು ವಿಮಾನಕ್ಕೂ ಲಾರಿಗೂ ನಡುವಿನ ಸಂದಿಯಲ್ಲಿ ನಿಂತಳು. ಭಜನೆಯವರು ತಾಳ ನಿಲ್ಲಿಸಿದರು.

"ಭಾವೋರೆ, ಇದು ಬ್ಯಾಡ. ಹೆಗಲ ಮೇಲೆ ಒಯ್ರಿ."

"ಎಲ್ಲಾ ಆಗೈತೆ ತಂಗಿ. ಪೇಟೆಯಾಗೆ ಜನ ಕಾಯ್ತಿದಾರೆ. ನೀನು ಒಳಗೆ ನಡಿ."

ಅವಳು ಗಂಡನ ಕ‌ಡೆ ನೋಡಿದಳು. ಅಂಗಳ ದಾಟಬಾರದ ಮಾತು ಒಂದು, ಲಾರಿ ಹತ್ತಬಾರದ ಎಲುಬು ಒಂದು. ಎರಡನ್ನೂ ಅವನೇ ಹೇಳಿ ಹೋಗಿದ್ದ. ಎರಡನ್ನೂ ಉಳಿಸಿಕೊಡುವ ದಾರಿ ಅವಳಿಗೆ ಕಾಣಲಿಲ್ಲ.

"ಇದು ಎಲುಬಿನ ಲಾರಿ," ಎಂದಳು.

ಹತ್ತಿರ ನಿಂತವರಿಗಷ್ಟೇ ಕೇಳಿಸಿತು. ಏನಂತೆ, ಏನಂತೆ ಎಂದು ಹಿಂದಿನವರು ಕೇಳಿದರು. ಅವಳು ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಹೊಟ್ಟಿನ ಚೀಲದ ಅಡಿಗೆ ದನದ ಎಲುಬು ಹೊಡೆದ ಲಾರಿ ಇದು. ಹೊಡೆದಿದ್ದು ಇವರು, ಹೊಡೆಸಿದ್ದು ಭಾವೋರು. ಎಲುಬು ಇಳಿಸಿ ಬಂದ ದಿನಾನೇ, ತೊಳೀದೆ, ಗೋಣಿ ಹಾಸಿ, ಇದರಾಗೆ ಮಠದ ಅಕ್ಕಿ ತಂದ್ರು. ಮಂಗಲದ ದಿನ ನಾನೂ ಉಂಡೆ. ಇಲ್ಲಿರೂ ತಲೆ ನರೆತೋರೆಲ್ಲ ಉಂಡ್ರಿ."

ಪರಮಶಿವಪ್ಪನ ಮುಖದಲ್ಲಿ ಮೊದಲು ನಗು ಬಂತು. ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ, ಪಾಪ, ಯಾರಾದರೂ ಹೆಂಗಸರು ಒಳಗೆ ಕರೆದುಕೊಂಡು ಹೋಗಿ ಎಂದ. ಗಂಗಾಶ್ರೀ ಮುಂದೆ ಬಂದಳು. ಅವ್ವನ ಮುಖ ನೋಡಿ ಅವಳ ಕೈ ಹಿಡಿಯದೆ ಪಕ್ಕದಲ್ಲಿ ನಿಂತಳು.

ದ್ಯಾಮಮ್ಮ ಅಯ್ಯನವರ ತಟ್ಟೆಯಿಂದ ಒಂದು ಬಾಳೆಹಣ್ಣು ತೆಗೆದು ಮುಂದೆ ಚಾಚಿದಳು.

"ನಂದು ಸುಳ್ಳಾದ್ರೆ ನೀವು ಮೇಲೆ ಹತ್ರಿ ಭಾವೋರೆ. ಆ ಹಲಗೆ ಮೇಲೆ ಕೂತು ಇದನ್ನ ತಿನ್ರಿ. ಎಲ್ಲರ ಎದುರಿಗೆ ತಪ್ಪಾತು ಅಂತೀನಿ. ಇವರ್ನ ಎಲ್ಲಿ ಬೇಕೋ ಅಲ್ಲಿ ಮೆರೆಸ್ರಿ."

"ಹತ್ತಪ್ಪಾಜಿ," ಎಂದ ಸಿದ್ಧಲಿಂಗೇಶ್. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಹತ್ತಿ ಒಂದು ಹಣ್ಣು ತಿಂದ್ರೆ ಮುಗೀತು."

ಪರಮಶಿವಪ್ಪ ಹಣ್ಣು ತೆಗೆದುಕೊಂಡ. ಲಾರಿಯ ಹತ್ತಿರ ಬಂದು, ಒಂದು ಕೈಯಲ್ಲಿ ತೊಟ್ಟಿಯ ಅಂಚು ಹಿಡಿದು, ಒಳಗೆ ನೋಡಿದ. ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ ಹಲಗೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹಣ್ಣಿನ ತೊಟ್ಟು ಮುರಿಯಲು ಹೋದ. ಕೈ ತಾನಾಗಿಯೇ ಜೇಬಿಗೆ ಹೋಗಿ ಕರ್ಚೀಫನ್ನು ಮೂಗಿಗೆ ತಂದಿತು.

ಅವನು ಹಾಗೆಯೇ ಹಿಂದಕ್ಕೆ ಸರಿದ. ಹಣ್ಣನ್ನು ಯಾರ ಕೈಗೋ ಕೊಡಲು ನೋಡಿದ. ಯಾರೂ ತೆಗೆದುಕೊಳ್ಳಲಿಲ್ಲ.

ಮೇಲಿದ್ದ ಹುಡುಗರು ಒಬ್ಬೊಬ್ಬರೇ ಇಳಿದು ಪ್ಯಾಂಟಿನ ಹಿಂಭಾಗ ಜಾಡಿಸಿಕೊಂಡರು. ಅಯ್ಯನವರು ತಟ್ಟೆಯನ್ನು ಹಲಗೆಯ ಮೇಲಿಂದ ಬೇಗನೆ ಎತ್ತಿ ಬಗಲಿಗೆ ಒತ್ತಿಕೊಂಡರು. ಆ ವರ್ಷ ತಾನು ಹಾನಗಲ್ಲಿನಲ್ಲಿದ್ದೆ ಎಂದು ಮುದುಕನೊಬ್ಬ ಯಾರೂ ಕೇಳದೆ ಹೇಳಿದ. ನೀನು ಇದ್ದೆ, ನನ್ನ ಮಗ್ಗುಲಿಗೇ ಕೂತಿದ್ದೆ ಎಂದು ಇನ್ನೊಬ್ಬ ಅಂದ. ಮೂಲೆಯಲ್ಲಿ ಯಾರೋ ಓಕರಿಸಿದರು.

ಹುಚ್ಚರಾಯಪ್ಪ ಮಾತಾಡದೆ ಬಂದು ವಿಮಾನದ ಮುಂದಿನ ಕೋಲಿಗೆ ಹೆಗಲು ಕೊಟ್ಟ. ಅವನ ಹಿಂದೆ ಗುಂಡಿ ತೋಡಿದವರು ಬಂದರು. ಬೆನ್ನುನೋವಿನವನೂ ತಲೆ ತಗ್ಗಿಸಿಕೊಂಡು ಬಂದ. ಲಾರಿಯಿಂದ ದೂರವಾದರೆ ಸಾಕೆಂಬಂತೆ ಎಲ್ಲರೂ ಒಟ್ಟಿಗೆ ಎತ್ತಿದರು. ಶಂಖ ಊದಿದರು, ಮಂಡಕ್ಕಿ ಎರಚಿದರು, ಬೆನಕಪ್ಪ ಹೆಗಲುಗಳ ಮೇಲೆ ತೂಗುತ್ತ ಅಂಗಳ ದಾಟಿದ.

ಲಾರಿಯ ಮಗ್ಗುಲಲ್ಲಿ ಹಾದು ಹೋಗುವಾಗ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದರು. ಒಬ್ಬಳು ಇನ್ನೊಬ್ಬಳಿಗೆ, ನನಗೆ ಬೆಳಗ್ಗೆಯೇ ವಾಸನೆ ಬಡಿದಿತ್ತು ಎಂದಳು. ಅಗಸೆ ಎಣ್ಣೆ ಮತ್ತು ಹೊಸ ಬಣ್ಣ ಬಿಟ್ಟರೆ ಅಲ್ಲಿ ಬೇರೇನೂ ವಾಸನೆ ಇರಲಿಲ್ಲ. ದ್ಯಾಮಮ್ಮನಿಗೆ ಅವರೆಲ್ಲರ ಮೂಗಿನ ಮೇಲೆ ಹೇಸಿಗೆಯಾಯಿತು. ಆಮೇಲೆ ತನ್ನ ನಾಲಿಗೆಯ ಮೇಲೆ.

"ನಿಜಾನಾ ಅವ್ವ?" ಎಂದು ಗಂಗಾಶ್ರೀ ಮೆಲ್ಲಗೆ ಕೇಳಿದಳು.

"ನಿಜ. ಆದ್ರೆ ಆ ಹಲಗೆ ಸುಟ್ಟಾತು. ಇವು ಬ್ಯಾರೆ. ಇದರ ಮೇಲೆ ಒಂದು ಸಲಾನೂ ಏನೂ ಹೇರಿಲ್ಲ."

"ಅದನ್ನ ಹೇಳ್ಬೇಕಿತ್ತಲ್ಲ."

"ಹೇಳಿದ್ರೆ ಹತ್ತಿಸ್ತಿದ್ರು."

ಶಂಖದ ಸದ್ದು ಕೆರೆಯ ಏರಿಯ ಕಡೆಗೆ ತಿರುಗಿತು. ಮಗಳು ನಡಿ ಎಂದು ಭುಜ ಮುಟ್ಟಿದಳು. ಬೇಲಿಯ ತಿರುವಿನಲ್ಲಿ ದ್ಯಾಮಮ್ಮ ಒಮ್ಮೆ ನಿಂತು ಹಿಂತಿರುಗಿದಳು. ಅಂಗಳ ಖಾಲಿಯಾಗಿತ್ತು. ಮೂತಿಗೆ ಕಟ್ಟಿದ ಫ್ಲೆಕ್ಸನ್ನು ಸಿದ್ಧಲಿಂಗೇಶ್ ಕಿತ್ತು ಸುರುಳಿ ಸುತ್ತಿಕೊಂಡು ಹೋಗಿದ್ದ. ಲಾರಿಯ ಹಿಂಬಾಗಿಲು ಹಾಗೆಯೇ ಜೋತು ಬಿದ್ದಿತ್ತು.

ರಸ್ತೆಯ ಕಡೆಯಿಂದ ಪಕ್ಕೆಲುಬು ಕಾಣುವ ಒಂದು ಬಡಕಲು ನಾಯಿ ಬಂತು. ಗಾಳಿಗೆ ಮೂಗೆತ್ತಿ, ಜೋತ ಹಲಗೆಯ ಮೇಲೆ ಮುಂಗಾಲಿಟ್ಟು, ಒಂದೇ ನೆಗೆತಕ್ಕೆ ತೊಟ್ಟಿಯೊಳಗೆ ಹತ್ತಿತು. ತಲೆ ತಗ್ಗಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ, ಹಲಗೆ ಹಲಗೆಯನ್ನೂ ಸಂದಿ ಸಂದಿಯನ್ನೂ ಮೂಸಿತು. ನಾಲ್ಕೂ ಮೂಲೆಗೆ ಮೂಗು ತೂರಿಸಿತು. ಒಂದು ಕಡೆಯೂ ನಿಲ್ಲಲಿಲ್ಲ, ಕೆರೆಯಲಿಲ್ಲ, ನೆಕ್ಕಲಿಲ್ಲ. ಕಡೆಗೆ ಒಮ್ಮೆ ಸೀನಿ ಕೆಳಗೆ ಹಾರಿ, ಅಂಗಳದಲ್ಲಿ ಬಿದ್ದಿದ್ದ ಚಹಾದ ಲೋಟಗಳ ಕಡೆಗೆ ನಡೆಯಿತು.